ಕಾದ ಇಂಜಿನ್ನಿಗೆ ಕೈ ಹಾಕಿದ ಅಳಿಯ

ಪಕ್ಕದ ಮನೆಯ ಅಳಿಯನನ್ನು ನಮ್ಮ ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ಮಾತಿಗೊಮ್ಮೆ "ಸರಿ ಮಾವ" ಅನ್ನುತ್ತಿದ್ದುದರಿಂದ ಅವನು ಸರಿಮಾವನೇ ಆಗಿಬಿಟ್ಟ. ದುಡಿಯುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಹೆಂಡತಿಯ ತವರಿಗೆ ಬಂದು ಸೇರಿದವನು. ಮಾವ ಬಾಡಿಗೆ ಕಾರು ಓಡಿಸಿಯೇ ಮುಪ್ಪಾದ ಡ್ರೈವರ್. ಮುದುಕನ ಹೆಂಡತಿ ತೀರಿಕೊಂಡ ಮೇಲೆ ಒಲೆ, ಬಟ್ಟೆ, ಮಾತ್ರೆ ಎಲ್ಲವೂ ಮಗಳ ತಲೆಯ ಮೇಲೆ ಬಿದ್ದಿದ್ದವು. ಅಳಿಯ ಊಟಕ್ಕೆ ಕೂತಾಗಲೆಲ್ಲ ಮುದುಕ, "ಹಾಕಮ್ಮಾ ಹಾಕು, ಕೂತು ಕೂತು ಸುಸ್ತಾಗಿದ್ದಾರೆ" ಅನ್ನುವುದು ಗೋಡೆಯಾಚೆ ನಮಗೂ ಕೇಳಿಸುತ್ತಿತ್ತು.

ಗಂಡಹೆಂಡಿರು ಪೇಟೆಯಾಚೆ ಒಂದು ಕೋಣೆ ನೋಡಿಟ್ಟಿದ್ದರು. ಮಾವನ ಕಾರು ಕೈಗೆ ಬಂದರೆ ಅಳಿಯ ಬಾಡಿಗೆಗೆ ಓಡಿಸಿ ಬೇರೆ ಸಂಸಾರ ಹೂಡಬಹುದು. ಮಂಡಿನೋವಿನ ಮುದುಕ ಕಾರು ಹೊರಗೆ ತೆಗೆಯುವುದೇ ಅಪರೂಪವಾಗಿತ್ತು. ಮಗಳು ಹಟ ಹಿಡಿದಾಗ ಅವನು ನಕ್ಕ.

"ಕೊಡೋಣ ಬಿಡಮ್ಮ. ಸ್ಪಾರ್ಕ್ ಪ್ಲಗ್ ಹಳೇದಾಗಿದೆ, ನಿನ್ನ ಗಂಡಾನೇ ಬದಲಾಯಿಸ್ಲಿ. ಗಾಡಿ ಸ್ಟಾರ್ಟ್ ಆದ್ರೆ ಕೀ ಅವನದು."

ಭಾನುವಾರ ಎದ್ದವನೇ ಮುದುಕ ಕಾರು ತೆಗೆದು, ಊರೆಲ್ಲ ಸುತ್ತಿಸಿ, ಅಂಗಳಕ್ಕೆ ತಂದು ನಿಲ್ಲಿಸಿದ. ಬಾನೆಟ್ ಎತ್ತಿದರೆ ಮುಖಕ್ಕೆ ರಾಚುವಷ್ಟು ಕಾವು. ಕಾದ ಇಂಜಿನ್ನಿನಿಂದ ಪ್ಲಗ್ ಬಿಚ್ಚಿದರೆ ಅದು ಕೂರುವ ತೂತಿನ ತಿರುಪು, ಥ್ರೆಡ್ಡೇ ಕಿತ್ತು ಬರುತ್ತದೆ, ಆರಿದ ಮೇಲೆಯೇ ಪಾನಾ ಹಾಕಬೇಕು. ಇದನ್ನು ಅಳಿಯನಿಗೆ ಹೇಳಿಕೊಟ್ಟವನೂ ಮಾವನೇ.

"ಸ್ವಲ್ಪ ಆರಲಿ ಮಾವ."

"ಅಳಿಯಂದ್ರಿಗೆ ಟೀ ಆರಿಸಿ ಕೊಟ್ಟಾಯ್ತು, ಇನ್ನು ಇಂಜಿನ್ನೂ ಆರಿಸಿ ಕೊಡ್ಬೇಕಾ?"

ಎದುರು ಮನೆಯ ಕ್ಷೌರಿಕ ಗೋಡೆಗೆ ಒರಗಿ, "ಬೀಸಣಿಗೆ ತರ್ಲಾ?" ಅಂದ. ನಿಂತವರೆಲ್ಲ ನಕ್ಕರು, ನಾನೂ ನಕ್ಕೆ.

"ಈಗ ಬಿಚ್ಚಿದ್ರೆ..."

"ಬಿಚ್ಚು ಅಂದೆ."

"ಸರಿ ಮಾವ."

ಮೂರು ಪ್ಲಗ್ ಹೇಗೋ ಬಂದವು. ನಾಲ್ಕನೆಯದು ಬಿಗಿಯಾಗಿತ್ತು. ಅವನು ಹಲ್ಲು ಕಚ್ಚಿ ಪಾನಾ ಎಳೆದ. ಪ್ಲಗ್ ಹೊರಬಂದಾಗ ಕಿತ್ತುಬಂದ ಥ್ರೆಡ್ಡು ಅದರ ಮೈಗೆ ಬಿಳಿ ತಗಡಿನ ಸಿಂಬೆಯಂತೆ ಸುತ್ತಿಕೊಂಡಿತ್ತು. ಹೊಸದನ್ನು ಎಷ್ಟು ತಿರುಗಿಸಿದರೂ ಅದು ಆ ತೂತಿನಲ್ಲಿ ಕಚ್ಚಲಿಲ್ಲ.

ಮುದುಕ ಬೈಯಲೂ ಇಲ್ಲ. ಕೀಯನ್ನು ಜೇಬಿಗೆ ಹಾಕಿಕೊಂಡು, "ಅಯ್ಯೋ ಪಾಪ" ಅಂದ.

ಮಗಳು ಒಳಗಿನಿಂದ ಬಂದು ಬಾನೆಟ್ಟಿನೊಳಗೆ ಕೈಯಿಟ್ಟು, ಚುರ್ರೆಂದಾಗ ಹಿಂದಕ್ಕೆ ತೆಗೆದಳು.

"ಬೆಳಿಗ್ಗೆ ಎಲ್ಲಿಗೆ ಹೋಗಿದ್ರಿ ಅಪ್ಪ?"

"ಗಾಡಿ ನಂದು. ಹಾಳಾದ್ರೆ ಹಾಳಾಗ್ಲಿ ಬಿಡು. ನೀನು ಹೋದ್ರೆ ನನಗೆ ಅನ್ನ ಹಾಕೋರ್ಯಾರು?"

ಅವಳು ಗಂಡನ ಕಡೆ ತಿರುಗಿದಳು. "ನಿಮಗೆ ಗೊತ್ತಿತ್ತು ತಾನೆ?"

"ಮಾವ ಹೇಳಿದ್ರಲ್ಲ..."

ಅವಳು ಒಳಗೆ ಹೋಗಿ, ಹೊಸ ಕೋಣೆಗೆಂದು ಕಟ್ಟಿಟ್ಟಿದ್ದ ಪಾತ್ರೆಯ ಗಂಟನ್ನು ಸೊಂಟಕ್ಕೆ ಏರಿಸಿಕೊಂಡು ಬಂದಳು. ಗಂಡ ಕೈ ಒರೆಸಿಕೊಳ್ಳುತ್ತ ಹಿಂದೆ ಹೊರಟ.

"ನೀವೆಲ್ಲಿಗೆ? ಅಪ್ಪನ್ನ ನೋಡ್ಕೊಳ್ಳಿ. ಅವರು ಹೇಳಿದ್ದು ಕೇಳೋದು ನಿಮಗೆ ಚೆನ್ನಾಗಿ ಬರುತ್ತೆ."

ಈ ಸಲ ಯಾರೂ ನಗಲಿಲ್ಲ.

ಅವಳು ಬಟ್ಟೆ ಅಂಗಡಿಯಲ್ಲಿ ಕೆಲಸ ಹಿಡಿದು ಪೇಟೆಯಾಚೆಯ ಕೋಣೆಯಲ್ಲಿ ಒಬ್ಬಳೇ ಇದ್ದಾಳೆ. ಈಗ ಅಳಿಯ ಬೇಯಿಸುತ್ತಾನೆ, ಮಾವ ತಟ್ಟೆ ತಳ್ಳುತ್ತಾನೆ. ಇಂಜಿನ್ನಿನ ಆ ತೂತಿಗೆ ಅಂದು ತುರುಕಿದ ಬಟ್ಟೆಚಿಂದಿ ಹಾಗೇ ಇದೆ. ಒಮ್ಮೆ ಅಳಿಯ ಆ ಕೋಣೆಗೆ ಹೋಗಿ ಬಾಗಿಲು ತಟ್ಟಿದನಂತೆ. ಅವಳು ಕಿಟಕಿಯಿಂದಲೇ, "ಅಪ್ಪನ್ನ ಕೇಳಿ ಬಂದ್ರಾ?" ಅಂದಳಂತೆ.

ಅವನು ಕೇಳಿಯೇ ಬಂದಿದ್ದ.