ಬಾಗಿಲ ಹೊರಗೆ ಬಿಟ್ಟ ಬೂಟು

ಬೂಟು ತೊಳೆದಿದ್ದೆ ಎಂದು ನನಗೆ ಸ್ಪಷ್ಟವಾಗಿ ನೆನಪಿದೆ. ಕೆರೆಯ ಏರಿಯ ಮೇಲಿನ ನಳ, ಧಾರೆಯಾಗಿ ಬೀಳುವ ನೀರು, ಕರಗಿ ಹರಿಯುವ ಕೆಸರು. ಆದರೆ ಆ ನಳ ಹಾಕಿದ್ದು ಮರುವರ್ಷ. ಅಂದರೆ ಈ ನೆನಪನ್ನು ನಾನೇ ಕಟ್ಟಿಕೊಂಡಿದ್ದೇನೆ.

ನಾನು ಪಶು ಇಲಾಖೆಯಲ್ಲಿ ಪರಿವೀಕ್ಷಕ. ಆ ಚಳಿಗಾಲ ಕಲಘಟಗಿಯಾಚೆ ಕಾಡಂಚಿನ ಕೆರೆಯೊಂದರಲ್ಲಿ ಕಾಡುಬಾತುಗಳು ಸತ್ತು ತೇಲಿದ್ದವು. ಹಕ್ಕಿಜ್ವರವೋ ಅಲ್ಲವೋ ತಿಳಿಯಲು ಮಾದರಿ ತೆಗೆಯಬೇಕಿತ್ತು. ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಜೊಂಡಿನೊಳಗೆ ಇಳಿದೆ. ಒಂದು ಬಾತು ಇನ್ನೂ ಬದುಕಿತ್ತು. ಕುತ್ತಿಗೆ ತಿರುಚಿಕೊಂಡು ಇದ್ದಲ್ಲೇ ಗಿರಿಗಿರಿ ಸುತ್ತುತ್ತಿತ್ತು. ಅದರ ಗಂಟಲಲ್ಲಿ ಹತ್ತಿಕಡ್ಡಿ ಆಡಿಸಿ, ಕೊಳವೆಗೆ ಹಾಕಿ, ಐಸ್ ಪೆಟ್ಟಿಗೆಯಲ್ಲಿಟ್ಟೆ. ಮೇಲೆ ಬಂದ ಕೂಡಲೇ ಬೂಟನ್ನು ಔಷಧಿ ನೀರಿನಲ್ಲಿ ಅದ್ದಬೇಕು, ಅದು ನಿಯಮ. ಔಷಧಿಯ ಬಕೆಟ್ಟು ಜೀಪಿನಲ್ಲಿತ್ತು, ಜೀಪು ಊರೊಳಗೆ.

ದಾರಿಯಲ್ಲಿ ಒಬ್ಬ ಆಯಿಯ ಮನೆ. ಕಟ್ಟೆಯ ಮೇಲೆ ಕೂತವಳು ಕರೆದಳು.

"ಸತ್ತ ಹಕ್ಕಿ ನೋಡಾಕ ಇಷ್ಟ ದೂರ ಬಂದೀರಿ ಸಾಹೇಬ್ರ. ಜೀವಂತ ಇದ್ದ ಮುದುಕಿ ಕೈಯಾಗ ಒಂದ್ ಕಪ್ ಚಾ ಕುಡೀರಿ."

"ಬ್ಯಾಡ ಆಯಿ, ಕಾಲೆಲ್ಲಾ ರಾಡಿ."

"ರಾಡಿ ಇದ್ರ ಹೊರಗ ಕಳದ ಬರ್ರಿ. ಬೂಟಿಗೇನ ಚಾ ಕೊಡಂಗಿಲ್ಲ ನಾ."

ಕಳೆದೆ. ಸಾರಿಸಿದ ನೆಲದ ಮೇಲೆ ಬೂಟುಗಾಲಿಡುವುದುಂಟೇ? ಬಾಗಿಲ ಬಾಜು, ಕೋಳಿ ಮುಚ್ಚುವ ಬುಟ್ಟಿಯ ಹತ್ತಿರ ಬಿಟ್ಟು ಒಳಗೆ ಹೋದೆ. ಚಹಾ ಕುಡಿಯುತ್ತ ಹೊರಗೆ ನೋಡಿದರೆ ಅವಳ ಜವಾರಿ ಕೋಳಿಗಳು ಬೂಟಿಗೆ ಹತ್ತಿದ ಕೆಸರನ್ನು ಕುಕ್ಕುತ್ತಿದ್ದವು. ನಾನು ನಕ್ಕೆನೇ? ಓಡಿಸಿದೆನೇ? ಗೊತ್ತಿಲ್ಲ. ಕಪ್ಪು ಖಾಲಿ ಮಾಡಿದ್ದು ಮಾತ್ರ ಗೊತ್ತು.

ಕೆಲವೇ ದಿನಗಳಲ್ಲಿ ಆ ಕೋಳಿಗಳ ಜುಟ್ಟು ನೀಲಿಗಟ್ಟಿತು, ಒಂದೊಂದಾಗಿ ಬಿದ್ದವು. ಬಾತು, ಕೋಳಿ ಎರಡರಲ್ಲೂ ಅದೇ ರೋಗವೆಂದು ಪರೀಕ್ಷೆಯಲ್ಲಿ ತಿಳಿಯಿತು. ಉಳಿದವನ್ನೂ ಹಿಡಿದು ಕೊಂದು, ಸುಣ್ಣ ಸುರಿದು ಹೂಳಿದೆವು. ರೋಗ ಕೆರೆಯಿಂದ ಮನೆಗೆ ಹೇಗೆ ಬಂತೆಂದು ಹುಡುಕುವ ಕೆಲಸವೂ ನನ್ನದೇ. ನಮೂನೆ ತೆರೆದು ಕೇಳಿದೆ: ಕೆರೆಗೆ ಹೋಗಿ ಈ ಮನೆಗೆ ಬಂದವರು ಯಾರು ಯಾರು?

ಆಯಿ ತನ್ನ ಕಾಲು ನೋಡಿಕೊಂಡಳು. "ನಾನ ಅರಿವಿ ಒಗ್ಯಾಕ ಹೋಗಿದ್ನೆಲ್ರಿ. ನನ್ನ ಕಾಲಿಗೇ ಹತ್ತಿ ಬಂದಿರಬೇಕು, ಅಲ್ರೀ?"

"ಇರಬಹುದು ಆಯಿ," ಎಂದೆ.

ಹಾಗೆಯೇ ಬರೆದೆ: ಮನೆಯೊಡತಿ, ಬಟ್ಟೆ ಒಗೆಯಲು. ಅದರ ಕೆಳಗಿನ ಸಾಲನ್ನು ಖಾಲಿ ಬಿಟ್ಟು ಸಹಿ ಮಾಡಿದೆ.

ಬೂಟಿನಿಂದಲೇ ಬಂತೆಂದು ಯಾರೂ ಸಾಬೀತು ಮಾಡಲಾರರು. ಕಾಗೆ ತಂದಿರಬಹುದು. ನಿಜಕ್ಕೂ ಅವಳ ಕಾಲೇ ತಂದಿರಬಹುದು. ಆದರೆ ಆ ಸಾಲು ಖಾಲಿ ಇರಬೇಕಾಗಿರಲಿಲ್ಲ.

ಈ ಚಳಿಗಾಲ ಮತ್ತೆ ಆ ಕೆರೆಯ ಹಕ್ಕಿ ನೋಡಲು ಹೋಗಿದ್ದೆ. ಕೋಳಿಬುಟ್ಟಿಯಲ್ಲಿ ಆಯಿ ಸಗಣಿಯ ಕುಳ್ಳು ತುಂಬಿಟ್ಟಿದ್ದಳು.

"ಮತ್ತ ಕೋಳಿ ಸಾಕಲಿಲ್ಲೇನ ಆಯಿ?"

"ಬ್ಯಾಡ್ರಿ. ನನ್ನ ಕಾಲು ಚಲೋ ಇಲ್ಲ."

ಒಳಗಿಂದ ಕೊಡ ತಂದು, ನಾನು ಬೇಡವೆಂದರೂ ಕೇಳದೆ ನನ್ನ ಬೂಟಿನ ಮೇಲೆ ನೀರು ಸುರಿದಳು. ಒಂದು ಕಾಲು ಎತ್ತಿದೆ, ಆಮೇಲೆ ಇನ್ನೊಂದು. ಆ ಗಳಿಗೆಯಲ್ಲಿ ಅವಳಿಗೆ ಎಲ್ಲ ಹೇಳಿಬಿಟ್ಟೆ ಎಂಬ ನೆನಪು ನನ್ನೊಳಗೆ ಈಗಾಗಲೇ ತಯಾರಾಗುತ್ತಿದೆ. ಅದಕ್ಕೇ ಬೇಗ ಬರೆದಿಡುತ್ತಿದ್ದೇನೆ: ಹೇಳಲಿಲ್ಲ.