ಆರ್ವಿಡ್ ಶೆಡ್ಡಿಗೆ ಎಳೆದ ಕಾರು

ಮಿನೆಸೋಟದ ಪಡುವಣ ಬಯಲಿನ ಎಲ್ಮ್‌ಡಾಲ್ ಊರಿನ ಅಗ್ನಿಶಾಮಕ ಠಾಣೆಯಲ್ಲಿ ಸಂಬಳದವರು ಯಾರೂ ಇಲ್ಲ. ಹೊಲದವರು, ಅಂಗಡಿಯವರು, ಬಸ್ ಓಡಿಸುವವರು, ಹೀಗೆ ಸೈರನ್ ಕೂಗಿದರೆ ಕೈಲಿದ್ದದ್ದು ಬಿಟ್ಟು ಓಡಿಬರುವ ಇಪ್ಪತ್ತೆರಡು ಜನ. ಅವರಿಗೆಲ್ಲ ಪಾಠ ಹೇಳುವವನು ಆರ್ವಿಡ್ ಕ್ವಾಮೆ. ಹಗಲು ಶಾಲಾ ಬಸ್ಸಿನ ಮೆಕ್ಯಾನಿಕ್, ಗುರುವಾರ ಸಂಜೆ ಮೇಷ್ಟ್ರು. ಇಪ್ಪತ್ತಾರು ವರ್ಷದಿಂದ ಗುಜರಿ ಕಾರು ತಂದು, ಬೆಂಕಿ ಇಟ್ಟು, ಆರಿಸುವುದನ್ನು ಕಲಿಸಿದ್ದ. ಹೊಗೆಯ ಬಣ್ಣ ನೋಡಿ ಉರಿಯುತ್ತಿರುವುದು ಟೈರೋ ಸೀಟೋ ಎಂದು ದೂರದಿಂದಲೇ ಹೇಳುತ್ತಿದ್ದ. ಊರಿನಲ್ಲಿ ಯಾರೂ ಅವನನ್ನು ಮೆಕ್ಯಾನಿಕ್ ಎಂದು ಕರೆಯುತ್ತಿರಲಿಲ್ಲ, ಕ್ಯಾಪ್ಟನ್ ಎನ್ನುತ್ತಿದ್ದರು. ಆ ಹೆಸರೇ ಅವನಿಗೆ ಅನ್ನ, ನೀರು ಎಲ್ಲ.

ಮಾರ್ಲಿಸ್ ಟ್ವೇಟ್ ಅವನ ಶಿಷ್ಯೆ. ವಿದ್ಯುತ್ ಸಹಕಾರ ಸಂಘದಲ್ಲಿ ಕಂಬ ಹತ್ತುವ ಕೆಲಸ. ಒಂಬತ್ತು ವರ್ಷದ ಹಿಂದೆ ಮೊದಲ ದಿನ ಪೈಪು ಹಿಡಿದಾಗ ನೀರಿನ ರಭಸಕ್ಕೆ ಕುಂಡೆ ಊರಿ ಬಿದ್ದವಳನ್ನು ಬೆಲ್ಟು ಹಿಡಿದು ಎಬ್ಬಿಸಿದವನು ಇವನೇ. ಆ ಕಥೆಯನ್ನು ಅವಳ ಮುಂದೆಯೇ ನೂರು ಸಲ ಹೇಳಿದ್ದ.

ಊರ ಹೊರಗೆ ಗಾಳಿಯಂತ್ರಗಳ ಕರೆಂಟು ಕೂಡಿಡುವ ಬ್ಯಾಟರಿ ಉಗ್ರಾಣ ಎದ್ದಿತು, ಕಂಟೇನರಿನ ಪಕ್ಕ ಕಂಟೇನರು. ಅಂಥ ಬೆಂಕಿಯ ಪಾಠ ಕಲಿತು ಬರಲು ಠಾಣೆಯ ಮುಖ್ಯಸ್ಥ ಲೊವೆಲ್ ಯಾರನ್ನೋ ರಾಜಧಾನಿಗೆ ಕಳಿಸಬೇಕಾಯಿತು. ಕಳಿಸಿದ್ದು ಮಾರ್ಲಿಸಳನ್ನು.

"ಕಲಿತು ಬಂದಿದ್ದಾಳೆ, ಶನಿವಾರ ಭಾನುವಾರ ಎರಡು ದಿನದ ಪಾಠ ಅವಳೇ ಮಾಡ್ಲಿ ಕಣೋ," ಎಂದ ಲೊವೆಲ್. "ಮುಗಿದ ಮೇಲೆ ತರಬೇತಿ ಇನ್ಮೇಲೆ ಯಾರ ಕೈಗೆ ಅನ್ನೋದು ಗಟ್ಟಿ ಮಾಡೋಣ."

"ಮಾಡ್ಲಿ ಬಿಡು. ನಂಗೇನು?" ಎಂದ ಆರ್ವಿಡ್. ಮನೆಗೆ ಹೋಗಿ ಎರಡು ದಿನ ಹೆಂಡತಿಯ ಜೊತೆಯೂ ಸರಿಯಾಗಿ ಮಾತಾಡಲಿಲ್ಲ.

ಶನಿವಾರ ಪಾಠ. ಆರ್ವಿಡ್ ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತ. ಅವನ ಕಪ್ಪುಹಲಗೆ, ಅವನ ಸೀಮೆಸುಣ್ಣ, ಬರೆಯುವ ಕೈ ಮಾತ್ರ ಅವಳದು. ಪೆಟ್ರೋಲ್ ಬೆಂಕಿ ಹೊಡೆದರೆ ಸಾಯುತ್ತದೆ, ಬ್ಯಾಟರಿ ಬೆಂಕಿ ಸತ್ತಂತೆ ನಟಿಸುತ್ತದೆ ಎಂದಳು. ಗಂಟೆ ಬಿಟ್ಟೋ ದಿನ ಬಿಟ್ಟೋ ಮತ್ತೆ ಏಳಬಹುದು. ಉಗ್ರಾಣದ ಬಾಗಿಲು ಯಾರೂ ತೆಗೆಯಕೂಡದು, ಒಳಗೆ ಕಟ್ಟಿಕೊಂಡ ಅನಿಲ ಗಾಳಿ ತಾಗಿದರೆ ಸಿಡಿಯುತ್ತದೆ. ದೂರ ನಿಂತು, ಪಕ್ಕದ ಕಂಟೇನರಿಗೆ ಬೆಂಕಿ ಹರಡದ ಹಾಗೆ ನೀರು ಹೊಡೆದು, ಕಾಯಬೇಕು.

"ಕಾಯೋದು ಕಲಿಯೋಕೆ ಎರಡು ದಿನ ಬೇಕೇನಮ್ಮಾ?" ಆರ್ವಿಡ್ ಗಂಟಲೆತ್ತಿದ. "ನಮ್ಮ ಹೆಂಡಿರು ಇಪ್ಪತ್ತು ವರ್ಷದಿಂದ ನಮಗೆ ಕಾಯ್ತಾ ಇದ್ದಾರೆ, ಅವರನ್ನೇ ಕರೆಸು!"

ಜನ ನಕ್ಕರು.

"ಕರೆಸೋಣ ಕ್ಯಾಪ್ಟನ್. ನಿಮ್ಮನ್ನ ಸಹಿಸಿಕೊಂಡಿರೋರಿಗೆ ಬ್ಯಾಟರಿ ಯಾವ ಲೆಕ್ಕ?" ಎಂದಳು ಮಾರ್ಲಿಸ್.

ಮೊದಲಿಗಿಂತ ಎರಡು ಪಟ್ಟು ನಕ್ಕರು. ಈ ಕೋಣೆಯ ನಗು ಇಪ್ಪತ್ತಾರು ವರ್ಷ ಅವನೊಬ್ಬನದಾಗಿತ್ತು.

ಮಧ್ಯಾಹ್ನ ಠಾಣೆಯ ಅಂಗಳದಲ್ಲಿ ಪಾಠಕ್ಕೆಂದು ತಂದ, ಅಪಘಾತದಲ್ಲಿ ಜಜ್ಜಿದ್ದ ಒಂದು ಎಲೆಕ್ಟ್ರಿಕ್ ಕಾರು. ಕರೆಂಟು ಎಲ್ಲಿ ಕತ್ತರಿಸಬೇಕು, ಕಿತ್ತಳೆ ಬಣ್ಣದ ತಂತಿ ಯಾಕೆ ಮುಟ್ಟಬಾರದು ಎಂದು ತೋರಿಸಿದಳು. ಸಂಜೆ ಶಾಖ ಕಾಣುವ ಕ್ಯಾಮೆರಾ ಹಿಡಿದು ಕಾರಿನಡಿ ಬಗ್ಗಿ ನೋಡಿ ಹುಬ್ಬು ಗಂಟಿಕ್ಕಿದಳು.

"ಈ ಮೂಲೆ ಸ್ವಲ್ಪ ಬೆಚ್ಚಗಿದೆ. ಕಾರು ಬಯಲಲ್ಲೇ ಒಂಟಿಯಾಗಿರಲಿ, ಸುತ್ತ ಐವತ್ತಡಿ ಏನೂ ಇರಬಾರದು."

"ನನ್ನ ಮೊಣಕಾಲೂ ಬೆಚ್ಚಗಿದೆ. ನನ್ನನ್ನೂ ಬಯಲಲ್ಲೇ ಬಿಟ್ಟು ಹೋಗ್ತೀಯಾ?" ಎಂದ ಆರ್ವಿಡ್.

ಎಲ್ಲರೂ ಹೋದ ಮೇಲೆ ಆರ್ವಿಡ್ ಒಬ್ಬನೇ ಉಳಿದ. ಮುಗಿಲು ಕಪ್ಪಾಗಿತ್ತು. ತರಬೇತಿಯ ಕಾರು ಮಳೆಗೆ ನೆನೆಯದಂತೆ ಶೆಡ್ಡಿಗೆ ಸೇರಿಸುವುದು ಅವನ ಇಪ್ಪತ್ತಾರು ವರ್ಷದ ವಾಡಿಕೆ. ಠಾಣೆಯ ಪಕ್ಕ ಅವನೇ ಕಟ್ಟಿದ ಶೆಡ್ಡು. ಹಳೆಯ ಪೈಪುಗಳು, ಕೊಯ್ದ ಕಾರಿನ ಬಾಗಿಲುಗಳು, ಪ್ರತಿ ತಂಡದ ಫೋಟೋ ಎಲ್ಲ ಅಲ್ಲೇ. ಅವಳ ಮಾತು ನೆನಪಿಗೆ ಬರಲಿಲ್ಲ ಎಂದಲ್ಲ. ಬಂತು. ಬಂದದ್ದಕ್ಕೇ ಟ್ರ್ಯಾಕ್ಟರಿಗೆ ಸರಪಳಿ ಬಿಗಿದು ಎಳೆದ.

ಭಾನುವಾರ ಚರ್ಚು ಮುಗಿಸಿ ಎಲ್ಲರೂ ಅಂಗಳದತ್ತ ಹೋಗದೆ ನೇರವಾಗಿ ಪಾಠಕ್ಕೆ ಕೂತಿದ್ದಾಗ ಕಿಟಕಿಯಾಚೆ ಶೆಡ್ಡಿನಿಂದ ಬಿಳಿ ಹೊಗೆ ಎದ್ದಿತು. ಆ ಹೊಗೆಯ ಬಣ್ಣ ಆರ್ವಿಡನಿಗೆ ಓದಲು ಬರಲಿಲ್ಲ. ಫೋಟೋಗಳನ್ನು ತರಲೆಂದು, ಉಸಿರಾಟದ ಮುಖವಾಡವನ್ನೂ ಹಾಕದೆ ಬರಿಮುಖದಲ್ಲೇ ಶೆಡ್ಡಿನತ್ತ ಓಡಿದ. ಮಾರ್ಲಿಸ್ ಹಿಂದಿನಿಂದ ಅವನ ಬೆಲ್ಟು ಹಿಡಿದು ಜಗ್ಗಿದಳು.

"ಆ ಹೊಗೆ ಎರಡು ಉಸಿರು ಕುಡಿದ್ರೆ ಮುಗೀತು ಕ್ಯಾಪ್ಟನ್! ನಿಲ್ಲಿ!"

ಒಳಗೆ ಉಸ್ಸೆನ್ನುವ ಸದ್ದು, ಆಮೇಲೆ ಶೆಡ್ಡಿನ ಬಾಗಿಲು ಹಾರಿ ಅಂಗಳದಲ್ಲಿ ಬಿತ್ತು. ಐದು ಗಂಟೆ ನೀರು ಹೊಡೆದರು. ಠಾಣೆ ಉಳಿಯಿತು, ಶೆಡ್ಡು ಬೂದಿಯಾಯಿತು.

ಎಲ್ಮ್‌ಡಾಲ್ ಠಾಣೆಯಲ್ಲಿ ಒಂದು ಕಟ್ಟಳೆ ಉಂಟು. ಬೆಂಕಿ ಆರಿದ ಮೇಲೆ ಎಲ್ಲರೂ ಒಂದೇ ಮೇಜಿಗೆ ಕೂರುತ್ತಾರೆ. ಯಾರೂ ಇನ್ನೊಬ್ಬರತ್ತ ಬೆರಳು ತೋರಿಸುವಂತಿಲ್ಲ. ತಪ್ಪು ಯಾರದೋ ಅವರು ತಾವಾಗಿ ಎದ್ದು ಹೇಳಬೇಕು, ಅಲ್ಲಿಯವರೆಗೆ ಯಾರೂ ಚಮಚ ಮುಟ್ಟುವುದಿಲ್ಲ. ಆಲೂಗಡ್ಡೆ, ಮಾಂಸ ಹಾಕಿ ಬೇಯಿಸಿದ ಹಾಟ್‌ಡಿಶ್ ಮೇಜಿನ ನಡುವೆ ಆರುತ್ತಿತ್ತು. ಕಾರನ್ನು ಶೆಡ್ಡಿಗೆ ಎಳೆದದ್ದನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ.

ಆರ್ವಿಡ್ ತಟ್ಟೆ ನೋಡುತ್ತಾ ಕೂತ. ಸುಮ್ಮನಿದ್ದರೆ ಸಾಕು. ಪಾಠ ಅವಳದು, ಕಾರು ಅವಳ ಸುಪರ್ದಿಯದು, ಕೆಟ್ಟ ಹೆಸರೂ ಅವಳದೇ. ಮುಂದಿನ ಗುರುವಾರ ಸೀಮೆಸುಣ್ಣ ತನ್ನ ಕೈಗೇ.

ಮಾರ್ಲಿಸ್ ಎದ್ದಳು. ಮುಖದ ಮಸಿ ಇನ್ನೂ ತೊಳೆದಿರಲಿಲ್ಲ.

"ನಂದು ತಪ್ಪು. ಹೇಳಿ ಹೋದೆ, ನಿಂತು ನೋಡಲಿಲ್ಲ. ಬೆಚ್ಚಗಿದ್ದ ಕಾರಿನ ಹತ್ತಿರ ಕಾವಲು ಇಡಬೇಕಿತ್ತು. ಇವತ್ತು ಒಬ್ಬರ ಜೀವ ಹೋಗ್ತಿತ್ತು."

ಇಪ್ಪತ್ತು ತಲೆಗಳು ನಿಧಾನಕ್ಕೆ ಆಡಿದವು. ಲೊವೆಲ್ ಅವಳತ್ತ ನೋಡಿದ ನೋಟವನ್ನು ಆರ್ವಿಡ್ ಕಂಡ. ತಪ್ಪು ಒಪ್ಪಿದವಳ ಮೇಲೆ ಸಿಟ್ಟಿನ ನೋಟವಲ್ಲ ಅದು. ಒಂದು ಕಾಲದಲ್ಲಿ ಲೊವೆಲ್ ಅದೇ ಕಣ್ಣಿನಿಂದ ತನ್ನನ್ನು ನೋಡಿದ್ದುಂಟು. ಪಾಠ ಕಿತ್ತುಕೊಂಡಳು, ನಗು ಕಿತ್ತುಕೊಂಡಳು, ಈಗ ನಾನು ಕೈಯಾರೆ ಮಾಡಿದ ತಪ್ಪನ್ನೂ ಎತ್ತಿಕೊಂಡು ದೊಡ್ಡವಳಾಗುತ್ತಿದ್ದಾಳಲ್ಲ!

ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದ.

"ಕೂತ್ಕೊಳೇ! ಅದು ನಂದು. ಟ್ರ್ಯಾಕ್ಟರ್ ಕಟ್ಟಿ ಎಳೆದವನು ನಾನು. ನೀನು ಬೇಡ ಅಂದಿದ್ದಕ್ಕೇ ಎಳೆದೆ."

ಲೊವೆಲ್ ತನ್ನ ತಟ್ಟೆ ಪಕ್ಕಕ್ಕೆ ಸರಿಸಿ ಕೇಳಿದ, "ತರಬೇತಿ ಯಾರ ಕೈಗೆ ಅಂತ ನಾನು ಇನ್ನು ಹೇಳಬೇಕೇನೋ ಆರ್ವಿಡ್?"

"ಬೇಡ. ಗೊತ್ತು," ಎಂದ.

ಯಾರೋ ಚಮಚ ಎತ್ತಿಕೊಂಡರು. ಮಾರ್ಲಿಸ್ ಬಿದ್ದ ಕುರ್ಚಿ ಎತ್ತಿ ನಿಲ್ಲಿಸಿ, ಮೊದಲ ತಟ್ಟೆ ಬಡಿಸಿ ಅವನ ಮುಂದಿಟ್ಟಳು. ಅವಳು ಹಾಕಿದ್ದು ಅವನಿಗೆ ಬೇಕಾದಷ್ಟೇ ಇತ್ತು. ಅದಕ್ಕೂ ಅವನಿಗೆ ಉರಿಯಿತು. ಆದರೂ ತಿಂದ.