ಶಾಲು ಬಿದ್ದ ಹೆಗಲು

ನಲವತ್ತು ದಾಟಿದ ಮೇಲೆ ಅಶ್ಮಿತಾ ಹುಲಾ ಕಲಿಯಲು ಹೊರಟದ್ದೇ ಕದ್ದುಮುಚ್ಚಿ. ಮುಲ್ಕಿ ಕಡೆಯವಳು, ಕೊಲ್ಲಿ ದೇಶದಲ್ಲಿ ಹವಲ್ಲಿಯ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ಲೆಕ್ಕಪತ್ರ ನೋಡುವವಳು. ಅಲ್ಲಿಯ ನರ್ಸ್ ಲೊರ್ನಾ ಫಿಲಿಪೀನ್ಸಿನವಳು. ಸ್ಟಾಫ್ ಪಾರ್ಟಿಯಲ್ಲಿ ಅವಳು ಹವಾಯಿ ದ್ವೀಪಗಳ ಈ ಕುಣಿತ ಕುಣಿದಾಗ ಅಶ್ಮಿತಾ ಕೈಯಲ್ಲಿದ್ದ ಸಮೋಸ ಮರೆತು ನಿಂತಿದ್ದಳು. ಸೊಂಟ ತನ್ನಷ್ಟಕ್ಕೆ ತೂಗುತ್ತಿತ್ತು, ಕಥೆ ಹೇಳುತ್ತಿದ್ದದ್ದು ಕೈ. ಅಲೆ ಬಂತು, ಮಳೆ ಬಂತು, ಹೂವು ಅರಳಿತು, ಎಲ್ಲ ಬೆರಳಲ್ಲೇ.

ತನಗೂ ಬಂದೀತೇ ಎಂದು ಅಶ್ಮಿತಾ ಅಳುಕುತ್ತಲೇ ಕೇಳಿದಳು. "ಮೊಣಕಾಲು ಬಗ್ಗುತ್ತದಲ್ಲ? ಹಾಗಾದರೆ ಬರುತ್ತದೆ" ಎಂದಳು ಲೊರ್ನಾ.

ವಾರದ ರಜೆಯಾದ ಶುಕ್ರವಾರ ಬೆಳಿಗ್ಗೆ ಲೊರ್ನಾಳ ಫ್ಲ್ಯಾಟಿನಲ್ಲಿ ಸೋಫಾ ಗೋಡೆಗೆ ಸರಿಸಿ ಪಾಠ. ಶಾಲೆಯಲ್ಲಿ ಕಾಲು ಬಡಿದು ಕುಣಿದದ್ದಷ್ಟೇ ಗೊತ್ತಿದ್ದ ಅಶ್ಮಿತಾಳ ಸೊಂಟ ಸಿಮೆಂಟು ಹಾಕಿದ ಹಾಗೆ ನಿಂತೇ ಇರುತ್ತಿತ್ತು. ಕನ್ನಡಿಯಲ್ಲಿ ತನ್ನನ್ನೇ ನೋಡಲು ನಾಚಿ ಅವಳು ಕಣ್ಣು ಮುಚ್ಚಿದರೆ, ಲೊರ್ನಾ ಹಿಂದಿನಿಂದ ಬಂದು ಸೊಂಟಕ್ಕೆ ಎರಡೂ ಕೈ ಕೊಟ್ಟು, ತೊಟ್ಟಿಲು ತೂಗಿದಷ್ಟು ಮೆತ್ತಗೆ ತೂಗಿಸುತ್ತಿದ್ದಳು. ಒಮ್ಮೆಯೂ ನಗಲಿಲ್ಲ. ವರ್ಷ ತಿರುಗುವಷ್ಟರಲ್ಲಿ ಸೊಂಟ ಹೇಳಿದ ಮಾತು ಕೇಳತೊಡಗಿತು.

ಹೊರಗೆ ಮಾತ್ರ ಅಶ್ಮಿತಾಳ ಬಾಯಿಗೆ ಬೀಗ. ನಮ್ಮವರ ನಾಲಿಗೆ ಅವಳಿಗೆ ಗೊತ್ತಿಲ್ಲದ್ದೇ? ಫಿಲಿಪೀನ್ಸಿನ ಹೆಂಗಸರೆಂದರೆ ಮೂಗು ಮುರಿಯುವ ಜನ. ಅವರ ಜೊತೆ ಕೆಲಸ ಮಾಡಬಹುದಂತೆ, ಅವರ ಮನೆಗೆ ಹೋಗಿ ಸೊಂಟ ಕುಣಿಸಬಾರದಂತೆ. ಅದರಲ್ಲೂ ಅವಳಿಗೆ ಹೆಚ್ಚಿನ ಹೆದರಿಕೆ ಗರ್ಟ್ರೂಡಳದು. ಅಲ್ಲಿಯ ಕನ್ನಡಿಗರ ಸಂಘದ ಕಾರ್ಯಕ್ರಮಗಳನ್ನೆಲ್ಲ ನಿರೂಪಿಸುವವಳು ಅವಳೇ, ಅಬ್ಬಾಸಿಯಾ ಬಡಾವಣೆಯ ಸುದ್ದಿಯನ್ನು ಆರುವ ಮೊದಲು ದೂರದ ಅಬು ಹಲೀಫಾಕ್ಕೆ ಮುಟ್ಟಿಸುವವಳೂ ಅವಳೇ.

ಇಷ್ಟಿದ್ದೂ ಆಸೆ ಬಿಡಬೇಕಲ್ಲ! ಸಂಘದ ವಾರ್ಷಿಕೋತ್ಸವಕ್ಕೆ ಅಶ್ಮಿತಾ ಹೆಸರು ಕೊಟ್ಟಳು. ಲೊರ್ನಾಳನ್ನೂ ಕರೆದಳು. ಪಾಪ, ಅವಳು ಯಾರಿಂದಲೋ ಸೀರೆ ಎರವಲು ಪಡೆದು, ಮೈತುಂಬ ಪಿನ್ನು ಚುಚ್ಚಿಕೊಂಡು ಬಂದಿದ್ದಳು. ಶಿಷ್ಯೆಯ ಕೊರಳಿಗೆಂದು ತಾನೇ ಕಟ್ಟಿದ ಹೂವಿನ ಹಾರ ಹಿಡಿದು, ಅಶ್ಮಿತಾಳ ಮಗಳು ತೃಷಾಳ ಪಕ್ಕ, ಕೊನೆಯ ಸಾಲಿನಲ್ಲಿ ಕೂತಳು.

ಕುಣಿತ ಮುಗಿದಾಗ ಚಪ್ಪಾಳೆ ಜೋರಾಗಿಯೇ ಬಿತ್ತು. ಗರ್ಟ್ರೂಡ್ ಮೈಕ್ ಹಿಡಿದು ಬಂದಳು, ಅವಳ ಹಿಂದೆ ಶಾಲು ಹಿಡಿದ ಅಧ್ಯಕ್ಷರು. ಶಾಲು ಹೊದಿಸದೆ ಮನೆಗೆ ಕಳಿಸಿದರೆ ನಮ್ಮ ಸಂಘಗಳಿಗೆ ಊಟ ಸೇರುವುದಿಲ್ಲ.

"ಎಷ್ಟು ಚಂದ ಮಾಡಿದ್ರಿ ಮಾರಾಯ್ರೆ! ನಿಮ್ಮ ಗುರುಗಳು ಯಾರು? ಇಲ್ಲೇ ಇದ್ರೆ ಸ್ಟೇಜಿಗೆ ಕರೀರಿ. ಶಾಲು ಮೊದಲು ಅವರಿಗೆ ಹಾಕುವ."

ಕೊನೆಯ ಸಾಲಿಗಿಂತ ಮೊದಲು ಅಶ್ಮಿತಾಳಿಗೆ ಕಂಡದ್ದು ಮುಂದಿನ ಸಾಲಿನ ಮುಖಗಳು.

"ಗುರು ಅಂತ ಯಾರೂ ಇಲ್ಲ. ಯೂಟ್ಯೂಬ್ ನೋಡಿ ನಾನೇ ಕಲ್ತದ್ದು."

ಲೊರ್ನಾಳಿಗೆ ಕನ್ನಡ ಬರುವುದಿಲ್ಲ ಎಂಬ ಧೈರ್ಯದಲ್ಲಿ ಆಡಿದ ಮಾತು. ಆದರೆ ಯೂಟ್ಯೂಬ್ ಅನ್ನುವುದು ಯಾರಿಗೆ ತಿಳಿಯುವುದಿಲ್ಲ? ಹಾರ ಹಿಡಿದು ಅರ್ಧ ಎದ್ದಿದ್ದ ಲೊರ್ನಾ ಮೆಲ್ಲನೆ ಮತ್ತೆ ಕೂತದ್ದು ವೇದಿಕೆಯಿಂದಲೇ ಕಂಡಿತು. ಅಷ್ಟರಲ್ಲಿ ಶಾಲು ಅಶ್ಮಿತಾಳ ಹೆಗಲಿಗೆ ಬಿದ್ದಾಗಿತ್ತು. ಭೂಮಿ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು ಅವಳಿಗೆ.

ಆಮೇಲೆ ಲೊರ್ನಾ ಆ ಹಾರವನ್ನು ಅವಳ ಕೊರಳಿಗೇ ಹಾಕಿದಳು. "ಕೈ ಚೆನ್ನಾಗಿತ್ತು" ಎಂದಳು. ಊಟಕ್ಕೆ ನಿಲ್ಲಲಿಲ್ಲ.

ಕಾರಿನಲ್ಲಿ ತೃಷಾ ಕೇಳಿದಳು: "ಬಟ್ ಮಮ್ಮಿ, ಲೊರ್ನಾ ಆಂಟಿ ಟಾಟ್ ಯು, ನೋ?"

"ಸುಮ್ನೆ ಕೂತ್ಕೋ" ಎಂದು ಅಶ್ಮಿತಾ ಗದರಿದಳು. ತಪ್ಪು ತನ್ನದು, ಬೈಗುಳ ಮಗುವಿಗೆ. ಅದಕ್ಕೂ ನಾಚಿಕೆಯಾಯಿತು.

ವಾರವಿಡೀ ಕ್ಲಿನಿಕ್ಕಿನಲ್ಲಿ ಲೊರ್ನಾಳಿಗೆ ಮುಖ ಕೊಡಲಾಗದೆ ಕಳೆದಳು. ಶುಕ್ರವಾರ ಶಾಲು ಹಿಡಿದು ಅವಳ ಫ್ಲ್ಯಾಟಿಗೆ ಹೋದಳು. "ಇದು ನಿನಗೆ ಸೇರಬೇಕಾದದ್ದು" ಎಂದು ಹೊದಿಸಲು ಹೋದರೆ ಲೊರ್ನಾ ಕೈ ತಡೆದಳು.

"ನಾನು ನಿನ್ನ ಟೀಚರ್ ಅನ್ನುವುದು ಇಲ್ಲಿ ಇಬ್ಬರಿಗೂ ಗೊತ್ತಿದೆ" ಎಂದಳು, ಸಿಟ್ಟಿಲ್ಲದೆ. "ಗೊತ್ತಿಲ್ಲದವರು ಅಲ್ಲಿದ್ದರು."

ಅಶ್ಮಿತಾ ಅಲ್ಲೇ ನಿಂತು ಸಂಘದ ವಾಟ್ಸಾಪ್ ಗುಂಪಿಗೆ ಬರೆದಳು: "ನನಗೆ ಹುಲಾ ಕಲಿಸಿದ ಗುರು ಲೊರ್ನಾ. ಅವತ್ತು ಅವರು ಸಭೆಯಲ್ಲೇ ಇದ್ದರು. ಯೂಟ್ಯೂಬ್ ಎಂದದ್ದು ಸುಳ್ಳು." ಕಳಿಸಿ, ಏಟಿಗೆ ಕಾಯುವವಳಂತೆ ಕಾದಳು.

ಮೊದಲ ಉತ್ತರ ಗರ್ಟ್ರೂಡಳದೇ. "ಹೌದಾ! ಅವತ್ತೇ ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ? ನನ್ನನ್ನೂ ಸೇರಿಸ್ಕೊಳ್ತಾರಾ ಅಂತ ಒಮ್ಮೆ ಕೇಳಿ."

ಇಷ್ಟೇನಾ! ಬೈದಿದ್ದರೆ ಎಷ್ಟೋ ವಾಸಿಯಿತ್ತು, ಹೆದರಿದ್ದಕ್ಕೆ ಒಂದು ಕಾರಣವಾದರೂ ಇರುತ್ತಿತ್ತು.

"ಏನಂತೆ?" ಎಂದು ಲೊರ್ನಾ ಕೇಳಿದಳು. "ಅವತ್ತು ಮೈಕ್ ಹಿಡಿದಿದ್ದವಳಿಗೂ ನಿನ್ನ ಹತ್ತಿರ ಕಲಿಯಬೇಕಂತೆ" ಎಂದಳು ಅಶ್ಮಿತಾ, ತಲೆ ಎತ್ತದೆ.